ಕೌದಿ ಹೊದಿಸಿದರೆ ಆಮೆ ಬೆಚ್ಚಗಾಗುತ್ತದಾ?

ಮನೆಯ ಪ್ರಾಣಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರತಿ ಸಲ ನಾಯಿ, ಬೆಕ್ಕು, ಗಿಳಿ ಅಂತ ಪತ್ರ ಬರುತ್ತವೆ. ಈ ಸಲ ಥಂಡಿ ಶುರುವಾಗುತ್ತಿದ್ದ ಹಾಗೆ ಆಮೆಯ ಪತ್ರಗಳೇ ಜಾಸ್ತಿ. ಬೆಳಗಾವಿಯಿಂದ ಬಂದ ಒಂದು ಪತ್ರ ಓದಿ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ಅದಕ್ಕೇ ಅದನ್ನು ಮೊದಲು ತೆಗೆದುಕೊಂಡಿದ್ದೇನೆ, ಉದ್ದ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹನ್ನೆರಡು ವರ್ಷದಿಂದ ಮನೆಯಲ್ಲಿ ಆಮೆ ಸಾಕುತ್ತಿರುವವನು, ಅಷ್ಟೇ.

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ವರ್ಷದ ಸುಲ್ಕಾಟಾ ಆಮೆ ಇದೆ. ಮೈದುನ ಪುಣೆಯಿಂದ ತಂದದ್ದು, ನೋಂದಣಿ ಆಗಿದೆ, ಕಾಗದ ಇದೆ. ಮಕ್ಕಳು ಗುಂಡ್ಯಾ ಅಂತ ಕರೆಯುತ್ತಾರೆ. ಹಗಲು ಹಿತ್ತಲಲ್ಲಿ ಬಿಡುತ್ತೇವೆ, ರಾತ್ರಿ ಪಡಸಾಲೆಯಲ್ಲಿ ನಾಲ್ಕು ಅಡಿಯ ಪ್ಲೈವುಡ್ ಪೆಟ್ಟಿಗೆಯಲ್ಲಿ ಇಡುತ್ತೇವೆ. ಥಂಡಿಗೆ ಅಂತ ಪೆಟ್ಟಿಗೆಯ ಒಂದು ತುದಿಯಲ್ಲಿ 60 ವ್ಯಾಟ್‌ನ ಹಳದಿ ಬಲ್ಬ್ ರಾತ್ರಿಯಿಡೀ ಹಚ್ಚಿ, ಮೇಲೆ ಕೌದಿ ಮುಚ್ಚುತ್ತೇವೆ. ಗುಂಡ್ಯಾ ಬಲ್ಬ್ ಇದ್ದ ಕಡೆ ಹೋಗುವುದೇ ಇಲ್ಲ. ಎದುರು ಮೂಲೆಗೆ ಹೋಗಿ ತಲೆ ಒಳಗೆಳೆದುಕೊಂಡು ಕೂರುತ್ತಾನೆ. ಬೆಳಿಗ್ಗೆ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ, ಮಧ್ಯಾಹ್ನದವರೆಗೆ ಏನೂ ತಿನ್ನುವುದಿಲ್ಲ. ಅತ್ತೆಯವರು "ಆಮಿ ಥಂಡ್ಯಾಗ ನಿದ್ದಿ ಮಾಡ್ತಾವ, ಸುಮ್ನ ಬಿಡವಾ" ಅಂತಾರೆ. ಇಲ್ಲಾಂದ್ರೆ ಪಕ್ಕದಲ್ಲಿ ಶೇಗಡಿ ಇಡೋಣ ಅಂತಾರೆ. ಯಾವುದು ಸರಿ?
– ಹೆಸರು ಬೇಡ, ಟಿಳಕವಾಡಿ, ಬೆಳಗಾವಿ

ಉತ್ತರ: ಅಕ್ಕಾರೆ, ಈ ಸಂಚಿಕೆ ಕೈಗೆ ಬಂದ ಕೂಡಲೇ ಮೊದಲು ಆ ಕೌದಿ ತೆಗೆಯಿರಿ. ಉಳಿದದ್ದು ಆಮೇಲೆ ಓದಿದರೂ ನಡೆಯುತ್ತದೆ. ಹಚ್ಚಿದ ಬಲ್ಬಿನ ಮೇಲೆ ಹಳೇ ಸೀರೆಯ ಕೌದಿ, ಕೆಳಗೆ ಒಣ ಹುಲ್ಲು, ಸುತ್ತ ಪ್ಲೈವುಡ್, ಮನೆಮಂದಿಯೆಲ್ಲ ನಿದ್ದೆಯಲ್ಲಿ. ಇನ್ನೂವರೆಗೆ ಏನೂ ಆಗಿಲ್ಲ ಅನ್ನೋದು ನಿಮ್ಮ ಪುಣ್ಯ.

ಅದೂ ಅಲ್ಲದೆ ಕೌದಿಯಿಂದ ಆಮೆಗೆ ಉಪಯೋಗವೂ ಇಲ್ಲ. ನಮಗೆ ಕೌದಿ ಯಾಕೆ ಬೆಚ್ಚಗಾಗುತ್ತದೆ? ನಮ್ಮ ಮೈಯ ಬಿಸಿಯನ್ನು ಅದು ಹೊರಗೆ ಬಿಡುವುದಿಲ್ಲ, ಅದಕ್ಕೆ. ಆಮೆಯ ಮೈಯಲ್ಲಿ ಹಿಡಿದಿಡಲು ಬಿಸಿಯೇ ಹುಟ್ಟುವುದಿಲ್ಲ. ಸುತ್ತಲಿನ ಗಾಳಿ ಎಷ್ಟಿದೆಯೋ ಅದರ ಮೈಯೂ ಅಷ್ಟೇ. ತಣ್ಣನೆ ಕಲ್ಲಿಗೆ ಕೌದಿ ಹೊದಿಸಿದರೆ ಕಲ್ಲು ತಣ್ಣಗೇ ಉಳಿಯುತ್ತದೆ ಅಲ್ವಾ, ಇದೂ ಹಾಗೆಯೇ. ಬಿಸಿ ಹೊರಗಿಂದಲೇ ಕೊಡಬೇಕು. ಕೊಟ್ಟ ಬಿಸಿ ಪೆಟ್ಟಿಗೆಯಲ್ಲಿ ಉಳಿಯುವಂತೆ ನೋಡಿಕೊಳ್ಳಬೇಕು.

ಅತ್ತೆಯವರು ಹೇಳಿದ ನಿದ್ದೆಯ ಮಾತು ಪೂರ್ತಿ ಸುಳ್ಳಲ್ಲ. ಯುರೋಪಿನ ಕೆಲವು ನೆಲದ ಆಮೆಗಳು ಚಳಿಗಾಲದಲ್ಲಿ ತಿಂಗಳುಗಟ್ಟಲೆ ಮಲಗುತ್ತವೆ. ಆದರೆ ಸುಲ್ಕಾಟಾ ಆ ಜಾತಿ ಅಲ್ಲ. ಅದು ಆಫ್ರಿಕಾದ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನದು. ಅಲ್ಲಿ ಬಿಸಿಲಿಗೂ ಥಂಡಿಗೂ ತಾನೇ ಬಿಲ ತೋಡಿಕೊಂಡು ಒಳಗಿರುತ್ತದೆ, ಮಣ್ಣಿನ ಆಳದಲ್ಲಿ ಏರಿಳಿತ ಕಡಿಮೆ. ಚಳಿ ನಿದ್ದೆ ಅದಕ್ಕೆ ಗೊತ್ತೇ ಇಲ್ಲ. ಗುಂಡ್ಯಾ ಮಲಗಿರುವುದಲ್ಲ, ಥಂಡಿಗೆ ಮರಗಟ್ಟಿ ಕೂತಿರುವುದು. ಮೈ ತಣ್ಣಗಿದ್ದರೆ ಹೊಟ್ಟೆಯಲ್ಲಿನ ಹುಲ್ಲು ಜೀರ್ಣವಾಗುವುದಿಲ್ಲ, ಅದಕ್ಕೇ ಮಧ್ಯಾಹ್ನದವರೆಗೆ ಬಾಯಿ ತೆರೆಯುತ್ತಿಲ್ಲ. ಹೀಗೇ ವಾರಗಟ್ಟಲೆ ನಡೆದರೆ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ.

ಶೇಗಡಿ ಮಾತ್ರ ಬೇಡವೇ ಬೇಡ. ಬಾಗಿಲು ಕಿಟಕಿ ಹಾಕಿದ ಪಡಸಾಲೆಯಲ್ಲಿ ಇದ್ದಿಲು ಕೆಂಡ ಇಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಆಮೆಯ ಮಾತು ಬಿಡಿ, ಮನೆಯವರಿಗೇ ಜೀವಕ್ಕೆ ಕುತ್ತು. ಅತ್ತೆಯವರಿಗೆ ಈ ಸಾಲು ಓದಿ ಹೇಳಿ, ನಾನು ಹೇಳಿದೆ ಅಂತಲೇ ಹೇಳಿ.

ಇನ್ನು ಬಲ್ಬ್. ಗುಂಡ್ಯಾ ಬಲ್ಬಿನಿಂದ ದೂರ ಹೋಗುವುದು ಬಿಸಿ ಬೇಡವಾಗಿ ಅಲ್ಲ, ಬೆಳಕು ಬೇಡವಾಗಿ. ರಾತ್ರಿ ಅದಕ್ಕೂ ಕತ್ತಲೆ ಬೇಕು. ಬೆಳಕು ಒಂದು ಕಡೆ, ಬಿಸಿಯೂ ಅದೇ ಕಡೆ, ಪಾಪ ಅದು ಕತ್ತಲೆ ಹುಡುಕಿಕೊಂಡು ಥಂಡಿಯಲ್ಲಿ ಹೋಗಿ ಕೂರುತ್ತದೆ. ಅಂಗಡಿಯಲ್ಲಿ ಕೆಂಪು ಬಲ್ಬ್ ತೋರಿಸಿ "ಇದು ಆಮೆಗೆ ಕಾಣಲ್ಲ" ಅಂತ ಹೇಳುತ್ತಾರೆ. ಕಾಣುತ್ತದೆ. ಆಮೆಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ, ಕೆಂಪಂತೂ ಸರಿಯಾಗಿಯೇ ಕಾಣುತ್ತದೆ.

ಹಾಗಾಗಿ ನಿಮಗೆ ಬೇಕಾದದ್ದು ಬೆಳಕಿಲ್ಲದ ಬಿಸಿ. ಸಿರಾಮಿಕ್ ಹೀಟರ್ ಬಲ್ಬ್ ಅಂತ ಸಿಗುತ್ತದೆ. ನೋಡಲು ಬಲ್ಬಿನ ಹಾಗೆಯೇ ಇರುತ್ತದೆ, ಆದರೆ ಗಾಜಿನ ಬದಲು ಬಿಳಿ ಅಥವಾ ಕಪ್ಪು ಪಿಂಗಾಣಿ. ಹಚ್ಚಿದರೆ ಬೆಳಕೇ ಬರುವುದಿಲ್ಲ, ಬರೀ ಬಿಸಿ. ಇದರಲ್ಲಿ ಒಂದು ತೊಡಕಿದೆ. ನಮ್ಮ ಮನೆಗಳ ಸಾಮಾನ್ಯ ಹೋಲ್ಡರ್ ಎರಡು ಪಿನ್ ಸಿಕ್ಕಿಸುವಂಥದ್ದು, ಈ ಸಿರಾಮಿಕ್ ಬಲ್ಬ್ ಸಾಮಾನ್ಯವಾಗಿ ತಿರುಗಿಸಿ ಹಾಕುವಂಥದ್ದು. ಆಗ ಜನ ಏನು ಮಾಡುತ್ತಾರೆ ಅಂದ್ರೆ ಹತ್ತು-ಇಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ ಅಡಾಪ್ಟರ್ ತಂದು ಸಿಕ್ಕಿಸಿಬಿಡುತ್ತಾರೆ. ಅದು ಕರಗುತ್ತದೆ. ಪಿಂಗಾಣಿಯ ಸ್ಕ್ರೂ ಹೋಲ್ಡರ್ ಬೇಕು ಅಂತಲೇ ಕೇಳಿ. ಖಡೇಬಜಾರದ ಕಡೆ ಇಲೆಕ್ಟ್ರಿಕ್ ಅಂಗಡಿಗಳಲ್ಲಿ ಹುಡುಕಿದರೆ ಸಿಗುತ್ತದೆ. ಹೋಲ್ಡರ್‌ನಿಂದ ಬರುವ ವೈರ್ ಕೂಡ ಶಾಖ ತಡೆಯುವಂಥದ್ದೇ ಇರಲಿ.

ಈ ಬಲ್ಬಿನ ಮೈ ಎಷ್ಟು ಕಾಯುತ್ತದೆ ಅಂದ್ರೆ ಬೆರಳು ತಾಗಿದರೆ ಬೊಬ್ಬೆ ಗ್ಯಾರಂಟಿ. ಬೆಳಕಿಲ್ಲದ್ದರಿಂದ ಹಚ್ಚಿದೆಯೋ ಇಲ್ಲವೋ ಗೊತ್ತೂ ಆಗುವುದಿಲ್ಲ, ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತಿರುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ, ಸುತ್ತ ತಂತಿ ಜಾಳಿಗೆ ಹಾಕಿಸಿ. ವೈರ್ ಹಿಡಿದು ನೇತುಹಾಕಬೇಡಿ, ಸರಪಳಿಯಲ್ಲಿ ಕೊಕ್ಕೆಗೆ ತೂಗುಹಾಕಿ. ಆಮೆಯ ಬೆನ್ನಿಗೂ ಬಲ್ಬಿಗೂ ಕನಿಷ್ಠ ಒಂದು ಅಡಿ ಅಂತರ, ಸುತ್ತಲಿನ ಹಲಗೆಗೂ ಒಂದು ಗೇಣು. ಗುಂಡ್ಯಾ ಬೆಳೆಯುತ್ತಾನೆ, ಹಾಗಾಗಿ ಎರಡು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ನೀರಿನ ತಟ್ಟೆ ಬಲ್ಬಿನ ಕೆಳಗೆ ಬೇಡ. ಕಾದ ಪಿಂಗಾಣಿಗೆ ನೀರು ಸಿಡಿದರೆ ಬಿರಿಯುತ್ತದೆ.

ಇಷ್ಟು ಮಾಡಿ ಸ್ವಿಚ್ ಹಾಕಿ ಮಲಗಿಬಿಡುವವರೇ ಜಾಸ್ತಿ. ಹಗಲಾದರೆ ಯಾರಾದರೂ ಓಡಾಡುತ್ತಿರುತ್ತಾರೆ, ಹೆಚ್ಚು ಬಿಸಿಯಾದರೆ ಗೊತ್ತಾಗುತ್ತದೆ. ರಾತ್ರಿ ಯಾರು ನೋಡುತ್ತಾರೆ? ಅದಕ್ಕೇ ರಾತ್ರಿಯ ಬಿಸಿ ತಾನೇ ನಿಲ್ಲುವಂಥದ್ದು ಇರಬೇಕು. ಅಂದ್ರೆ ಥರ್ಮೋಸ್ಟಾಟ್. ಬಲ್ಬಿಗಿಂತ ಮೊದಲು ಅದನ್ನು ಕೊಳ್ಳಿ ಅನ್ನುತ್ತೇನೆ ನಾನು. ಮೊಟ್ಟೆ ಮರಿ ಮಾಡಿಸುವ ಇನ್‌ಕ್ಯುಬೇಟರ್‌ಗೆ ಹಾಕುತ್ತಾರಲ್ಲ, ಎಸ್‌ಟಿಸಿ-1000 ಅಂತ, ಅದೇ ಸಾಕು. ಕೋಳಿ ಸಾಕುವವರನ್ನು ಕೇಳಿದರೆ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಆದರೆ ಅದರ ಹಿಂಭಾಗದಲ್ಲಿ ವೈರ್ ಸಿಕ್ಕಿಸುವ ಜಾಗ ತೆರೆದೇ ಇರುತ್ತದೆ, 230 ವೋಲ್ಟ್ ಹರಿಯುವ ಜಾಗ ಅದು. ಇಲೆಕ್ಟ್ರಿಷಿಯನ್ ಕೈಯಲ್ಲಿ ಡಬ್ಬಿಯೊಳಗೆ ಕೂಡಿಸಿ, ಅರ್ಥಿಂಗ್ ಇರುವ ಮೂರು ಪಿನ್ ಪ್ಲಗ್ ಹಾಕಿಸಿ. ಸಿರಾಮಿಕ್ ಬಲ್ಬಿಗೆ ಹೀಗೆ ಹಚ್ಚಿ-ಆರಿಸುವ ಥರ್ಮೋಸ್ಟಾಟ್ ನಡೆಯುತ್ತದೆ.

ಇಲ್ಲಿ ನನ್ನದೇ ಒಂದು ಕಥೆ ಹೇಳಬೇಕು. ಕೆಲವು ವರ್ಷದ ಹಿಂದೆ, ಜನವರಿ. ಮೂರಡಿ ಪೆಟ್ಟಿಗೆ, 150 ವ್ಯಾಟ್‌ನ ಸಿರಾಮಿಕ್ ಬಲ್ಬ್, ಥರ್ಮೋಸ್ಟಾಟ್ 27ಕ್ಕೆ ಇಟ್ಟಿದ್ದೆ. ಎಲ್ಲ ಸರಿ ಮಾಡಿದ್ದೇನೆ ಅನ್ನುವ ಜಂಬ. ಸೆನ್ಸರ್ ಅಂದ್ರೆ ವೈರಿನ ತುದಿಯ ಸಣ್ಣ ಗುಂಡಿ, ಅದನ್ನು ಒಳಗಿನ ಗೋಡೆಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ್ದೆ. ಒಳಗಿನ ತೇವಕ್ಕೆ ಟೇಪ್ ಬಿಟ್ಟಿದೆ, ನಮ್ಮ ಆಮೆ ಅದನ್ನು ನೂಕಿದೆ, ಸೆನ್ಸರ್ ವೈರ್ ಹೋಗುವ ತೂತಿನಿಂದ ಜಾರಿ ಹೊರಗೆ ಫರಸಿಯ ಮೇಲೆ ಬಿದ್ದಿದೆ. ಬೆಳಿಗ್ಗೆ ಐದೂವರೆಗೆ ಎದ್ದು ನೋಡಿದರೆ ಥರ್ಮೋಸ್ಟಾಟ್ 16.4 ತೋರಿಸುತ್ತಿದೆ, ಹೀಟರ್‌ನ ಕೆಂಪು ದೀಪ ಹತ್ತಿಕೊಂಡೇ ಇದೆ. ಅದರ ಲೆಕ್ಕದಲ್ಲಿ ಇನ್ನೂ ಥಂಡಿ! ಮುಚ್ಚಳ ಎತ್ತಿದೆ, ಇಡ್ಲಿ ಪಾತ್ರೆ ತೆರೆದಾಗ ಬಡಿಯುತ್ತದಲ್ಲ, ಹಾಗೆ ಮುಖಕ್ಕೆ ಬಿಸಿ ಬಡಿಯಿತು. ಒಳಗಿನ ಥರ್ಮಾಮೀಟರ್ 42. ಆಮೆ ನೀರಿನ ತಟ್ಟೆಯಲ್ಲಿ ಮುಂಗಾಲು ಚಾಚಿ ಬಿದ್ದಿತ್ತು, ಬಾಯಿಯ ಸುತ್ತ ನೊರೆ. ಹೊರಗೆ ತೆಗೆದು ಉಗುರುಬೆಚ್ಚಗಿನ ನೀರಿನಲ್ಲಿಟ್ಟು ನಿಧಾನಕ್ಕೆ ಆರಿಸಿದೆ. ಬದುಕಿತು. ಎರಡು ದಿನ ಏನೂ ತಿನ್ನಲಿಲ್ಲ, ನನಗೂ ಊಟ ಸೇರಲಿಲ್ಲ.

ಆವತ್ತಿನಿಂದ ಮೂರು ಕೆಲಸ ತಪ್ಪದೆ ಮಾಡುತ್ತೇನೆ. ಸೆನ್ಸರ್‌ಗೆ ಟೇಪ್ ಇಲ್ಲ, ವೈರಿಂಗ್‌ಗೆ ಹಾಕುವ ಕ್ಲಿಪ್ ಹೊಡೆದು ಕೂಡಿಸುತ್ತೇನೆ. ಆಮೆಯ ಬೆನ್ನಿನ ಎತ್ತರದಲ್ಲಿ, ಬಲ್ಬಿನ ನೇರ ಕೆಳಗಲ್ಲ, ಸ್ವಲ್ಪ ಪಕ್ಕಕ್ಕೆ. ಎರಡನೆಯದು, ಬಲ್ಬಿನ ವ್ಯಾಟ್ ಇಳಿಸಿದೆ. ಥರ್ಮೋಸ್ಟಾಟ್ ಕೆಟ್ಟು ಬಲ್ಬ್ ರಾತ್ರಿಯಿಡೀ ಹತ್ತಿದರೂ ಪೆಟ್ಟಿಗೆ ಒಲೆಯಾಗಬಾರದು, ಅಷ್ಟೇ ವ್ಯಾಟ್ ಸಾಕು. ಆಮೆಯನ್ನು ಪೆಟ್ಟಿಗೆಯಿಂದ ತೆಗೆದು ಬೇರೆ ಬೆಚ್ಚನೆ ಜಾಗದಲ್ಲಿಟ್ಟು ಒಂದು ರಾತ್ರಿ ಬಲ್ಬನ್ನು ನೇರವಾಗಿ ಹಚ್ಚಿ, ನೀವೇ ಎದ್ದು ಎದ್ದು ನೋಡುತ್ತಾ ಪರೀಕ್ಷೆ ಮಾಡಿ. ಒಳಗೆ 35 ದಾಟಿದರೆ ಆ ಬಲ್ಬ್ ನಿಮ್ಮ ಪೆಟ್ಟಿಗೆಗೆ ದೊಡ್ಡದು. ಮೂರನೆಯದು, 34ಕ್ಕೆ ಕಡಿದುಹಾಕುವ ಇನ್ನೊಂದು ಥರ್ಮೋಸ್ಟಾಟನ್ನು ಅದೇ ಲೈನಿನಲ್ಲಿ ಕೂಡಿಸಿದ್ದೇನೆ. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ.

ಎಷ್ಟಕ್ಕೆ ಇಡಬೇಕು? ಎರಡು ವರ್ಷದ್ದು ಅಂದ್ರೆ ಇನ್ನೂ ಮರಿಯೇ. ರಾತ್ರಿ 26–27 ಇರಲಿ. ದೊಡ್ಡದಾಗಿ ಗಟ್ಟಿಯಾದ ಮೇಲೆ ಸ್ವಲ್ಪ ಇಳಿಸಬಹುದು, ಆದರೂ 21ರ ಕೆಳಗೆ ಬೇಡ, ಅದೂ ಮೈ ಒಣಗಿದ್ದರೆ ಮಾತ್ರ. ಬೆಳಗಾವಿಯಲ್ಲಿ ಡಿಸೆಂಬರ್-ಜನವರಿಯ ಬೆಳಗಿನ ಜಾವ 12–14 ಡಿಗ್ರಿಗೆ ಇಳಿಯುವುದು ಹೊಸದೇನಲ್ಲ, ಅಂದ್ರೆ ನಿಮ್ಮ ಪೆಟ್ಟಿಗೆ ಹನ್ನೆರಡು-ಹದಿನೈದು ಡಿಗ್ರಿ ಏರಿಸಿ ಹಿಡಿದಿಡಬೇಕು. ಮೇಲೆ ತೆರೆದ ಪೆಟ್ಟಿಗೆಯಲ್ಲಿ ಅದು ಆಗುವ ಮಾತಲ್ಲ. ಬಿಸಿ ಮೇಲಕ್ಕೆ ಹೋಗುತ್ತದೆ, ನೀವು ಪಡಸಾಲೆಯ ಮಾಳಿಗೆ ಕಾಯಿಸಿದ ಹಾಗಾಗುತ್ತದೆ ಅಷ್ಟೇ. ಕೀಲು ಹಾಕಿದ ಪ್ಲೈವುಡ್ ಮುಚ್ಚಳ ಮಾಡಿಸಿ, ಎರಡು ಪಕ್ಕದಲ್ಲಿ ಗಾಳಿಗೆ ನಾಲ್ಕಾರು ತೂತು ಕೊರೆಸಿ. ಪೆಟ್ಟಿಗೆಯನ್ನು ಫರಸಿಯ ಮೇಲೆ ನೇರವಾಗಿ ಇಡಬೇಡಿ, ನಾಲ್ಕು ಇಟ್ಟಿಗೆ ಮೇಲಿಡಿ. ಥರ್ಮೋಕೋಲ್ ಹಾಕುವುದಾದರೆ ಪೆಟ್ಟಿಗೆಯ ಹೊರಗಡೆಗೆ, ಒಳಗೆ ಬೇಡವೇ ಬೇಡ. ಬೆಂಕಿ ಬೇಗ ಹಿಡಿಯುತ್ತದೆ, ಆಮೆ ಅದನ್ನು ಕಚ್ಚಿ ತಿನ್ನುತ್ತದೆ ಕೂಡ.

ವೈರ್ ಪ್ಲಗ್ಗಿಗೆ ಹೋಗುವ ಮೊದಲು ಕೆಳಗೆ ಸ್ವಲ್ಪ ಜೋತುಬೀಳುವಂತೆ ಬಿಡಿ. ವೈರಿನ ಮೇಲೆ ನೀರು ಹರಿದರೂ ಅಲ್ಲೇ ತೊಟ್ಟಿಕ್ಕುತ್ತದೆ, ಸ್ವಿಚ್‌ಬೋರ್ಡಿಗೆ ಹೋಗುವುದಿಲ್ಲ. ಟಿವಿ, ಮೊಬೈಲ್ ಚಾರ್ಜರ್ ಎಲ್ಲ ತುಂಬಿದ ಎಕ್ಸ್‌ಟೆನ್ಶನ್ ಬಾಕ್ಸಿಗೆ ಹೀಟರ್ ಸಿಕ್ಕಿಸಬೇಡಿ. ಮನೆಯ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್, ಇದೆಯಾ ಅಂತ ಇಲೆಕ್ಟ್ರಿಷಿಯನ್ನನ್ನು ಕೇಳಿ, ಇಲ್ಲದಿದ್ದರೆ ಹಾಕಿಸಿ. ಪೆಟ್ಟಿಗೆ ಇರುವ ಕೋಣೆಯಲ್ಲಿ ಬ್ಯಾಟರಿಯ ಸ್ಮೋಕ್ ಅಲಾರ್ಮ್ ಒಂದಿದ್ದರೆ ನನಗೂ ನಿದ್ದೆ ಬರುತ್ತದೆ, ನಿಮಗೂ ಬರುತ್ತದೆ.

ಕರೆಂಟ್ ಬಿಲ್ಲಿನ ಚಿಂತೆ ನೀವು ಬರೆದಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. 100 ವ್ಯಾಟ್ ಹತ್ತು ತಾಸು ಹತ್ತಿದರೆ ಒಂದು ಯೂನಿಟ್. ತಿಂಗಳಿಗೆ ಹೆಚ್ಚೆಂದರೆ 30 ಯೂನಿಟ್, ಥರ್ಮೋಸ್ಟಾಟ್ ಇದ್ದರೆ ಇನ್ನೂ ಕಡಿಮೆ. ಗೃಹಜ್ಯೋತಿಯವರು ಹಿಂದಿನ ಸರಾಸರಿ ನೋಡಿ ಅದಕ್ಕೆ ಸ್ವಲ್ಪ ಸೇರಿಸಿ ಮಿತಿ ಹಾಕುತ್ತಾರಲ್ಲ, ಆ ಗೆರೆಯ ಹತ್ತಿರ ಇರುವವರು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಪ್ರಶ್ನೆ: ನಾನು ಹಾಸ್ಟೆಲ್ ಬಿಟ್ಟು ರೂಮ್ ಮಾಡಿಕೊಂಡಿರುವ ವಿದ್ಯಾರ್ಥಿ. ಅಂಗೈಯಗಲದ ಸುಲ್ಕಾಟಾ ಮರಿ ಗಾಜಿನ ಅಕ್ವೇರಿಯಮ್‌ನಲ್ಲಿದೆ. ಇಲ್ಲಿ ಹಗಲು ಬಿಸಿಲಿಗೆ ಕೊರತೆ ಇಲ್ಲ, ರಾತ್ರಿ ಮಾತ್ರ ಥಂಡಿ. ಕೆಳಗೆ ಹಾಸುವ ಹೀಟ್ ಪ್ಯಾಡ್ ತಂದಿದ್ದೇನೆ, ಬೆಂಕಿಯ ಭಯವೂ ಇಲ್ಲ ಅಂದ್ರು. ಸರಿನಾ ಸರ್?
– ವಿಜಯಪುರದ ಓದುಗ

ಉತ್ತರ: ತಮ್ಮಾ, ಆ ಪ್ಯಾಡ್ ವಾಪಸ್ ಕೊಡಲು ಆಗುತ್ತದಾ ನೋಡು. ಕಾಡಿನಲ್ಲಿ ಆಮೆಗೆ ಬಿಸಿ ಬರುವುದು ಮೇಲಿಂದ, ಸೂರ್ಯನಿಂದ. ಬಿಸಿ ಹೆಚ್ಚಾದರೆ ಅದು ಏನು ಮಾಡುತ್ತದೆ? ಮಣ್ಣು ಕೆದರಿ ಕೆಳಗೆ ಹೋಗುತ್ತದೆ, ಕೆಳಗೆ ತಂಪಿರುತ್ತದೆ ಅಂತ ಅದರ ನಂಬಿಕೆ. ನಿನ್ನ ಡಬ್ಬಿಯಲ್ಲಿ ಕೆಳಗೆ ಹೋದಷ್ಟೂ ಹಂಚಿನ ಹತ್ತಿರ ಹೋದಂತೆ! ಹೊಟ್ಟೆಯ ಕಡೆಯ ಚಿಪ್ಪು ಸುಟ್ಟುಹೋಗುವವರೆಗೂ ಅದು ಅಲ್ಲೇ ಕೂತಿರಬಹುದು. ಬಿಸಿಯಾಗುವ ಕಲ್ಲು ಅಂತ ಮಾರುತ್ತಾರಲ್ಲ, ಅದಕ್ಕೂ ಇದೇ ಮಾತು. ಮೇಲೆ ಹೇಳಿದ ಹಾಗೆ ಸಣ್ಣ ಸಿರಾಮಿಕ್ ಬಲ್ಬ್, ಥರ್ಮೋಸ್ಟಾಟ್, ಮೇಲಿಂದ.

ಗಾಜಿನ ಡಬ್ಬಿ ಬಗ್ಗೆ ಎರಡು ಮಾತು. ಗಾಜು ರಾತ್ರಿ ಬಿಸಿ ಹಿಡಿಯುವುದಿಲ್ಲ. ಹಗಲು ಕಿಟಕಿಯ ಬಿಸಿಲಿಗೆ ಇಟ್ಟೆಯೋ, ಸ್ವಲ್ಪ ಹೊತ್ತಿನಲ್ಲೇ ಮರಿ ಬೆಂದುಹೋಗುತ್ತದೆ. ಚಿಪ್ಪು ಗಟ್ಟಿಯಾಗಲು ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಅನ್ನುವ ನೇರಳಾತೀತ ಕಿರಣವೂ ಗಾಜು ದಾಟಿ ಬರುವುದಿಲ್ಲ. ಅದಕ್ಕೆ ಬೆಳಿಗ್ಗೆ ಬಿಸಿಲು ಏರಿದ ಮೇಲೆ ಹೊರಗೆ ಬಿಡು, ಪಕ್ಕದಲ್ಲೇ ನೆರಳೂ ಇರಲಿ, ನಾಯಿ-ಕಾಗೆ ಬಾರದ ಹಾಗೆ ನೀನು ಅಲ್ಲೇ ಕೂತಿರು. ವಿಜಯಪುರದ ಚಳಿಗಾಲ ಮೋಸದ್ದು. ಮಧ್ಯಾಹ್ನ 30ರ ಹತ್ತಿರ, ಬೆಳಗಿನ ಜಾವ ಅದರ ಅರ್ಧ. ಹಗಲಿನ ಬಿಸಿಲು ನೋಡಿ ರಾತ್ರಿಯ ಅಂದಾಜು ಮಾಡಬೇಡ. ಕನಿಷ್ಠ-ಗರಿಷ್ಠ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಒಂದು ತಗೋ. ಬೆಳಿಗ್ಗೆ ಗುಂಡಿ ಒತ್ತಿದರೆ ರಾತ್ರಿ ಎಷ್ಟಕ್ಕೆ ಇಳಿದಿತ್ತು ಅಂತ ಹೇಳುತ್ತದೆ.

ಇನ್ನೊಂದು. ಸಿರಾಮಿಕ್ ಬಲ್ಬ್ ಗಾಳಿಯನ್ನು ಒಣಗಿಸುತ್ತದೆ. ಮರಿ ಒಣ ಗಾಳಿಯಲ್ಲಿ ಬೆಳೆದರೆ ಚಿಪ್ಪಿನ ಒಂದೊಂದು ಭಾಗವೂ ಗೋಪುರದ ಹಾಗೆ ಎದ್ದು ನಿಲ್ಲುತ್ತದೆ, ಆಮೇಲೆ ಅದು ಸರಿಹೋಗುವುದಿಲ್ಲ. ಸುಲ್ಕಾಟಾ ಮರಿಗಳ ಮೇಲೆ 2003ರಲ್ಲಿ ಬಂದ ಒಂದು ಅಧ್ಯಯನ ಇದಕ್ಕೆ ಆಹಾರಕ್ಕಿಂತ ಒಣ ಗಾಳಿಯೇ ಮುಖ್ಯ ಕಾರಣ ಅಂತ ತೋರಿಸಿತು. ಕೆಳಗೆ ಹಾಸುವ ಕೋಕೋಪೀಟ್‌ನ (ತೆಂಗಿನ ನಾರಿನ ಪುಡಿ) ತಳ ಒದ್ದೆ ಇರಲಿ, ಮೇಲೆ ಮುಚ್ಚಳ ಇರಲಿ. ತೇವ ಮತ್ತು ಬಿಸಿ ಜೊತೆಯಾದರೆ ತೊಂದರೆ ಇಲ್ಲ, ತೇವ ಮತ್ತು ಥಂಡಿ ಜೊತೆಯಾದರೆ ಮರಿಗೆ ಕಫ. ಮತ್ತೆ, ರೂಮ್‌ನಲ್ಲಿರುವ ಹುಡುಗ ನೀನು, ಒಂದು ವಿಷಯ ಗೊತ್ತಿರಲಿ. ಇದು ಬೆಳೆದರೆ ಎರಡೂವರೆ ಅಡಿ ಉದ್ದ, 40-50 ಕೆಜಿ, ಎಷ್ಟೋ ಸಲ ಸಾಕಿದವರಿಗಿಂತ ಹೆಚ್ಚು ಕಾಲ ಬದುಕುತ್ತದೆ. ಮನೆಯಲ್ಲಿ ಅಪ್ಪ-ಅವ್ವನಿಗೆ ಈಗಲೇ ಹೇಳಿಡು.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಆಮೆಯ ಹೀಟರ್ ಇನ್ವರ್ಟರ್ ಮೇಲೆ ನಡೆಯುತ್ತದಾ?
– ಬಾಗಲಕೋಟೆಯ ಓದುಗರು

ಉತ್ತರ: ನಡೆಯುತ್ತದೆ, ಲೆಕ್ಕ ಮಾಡಿದರೆ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದ್ರೆ ಕಾಗದದ ಮೇಲೆ 1800 ವ್ಯಾಟ್-ತಾಸು. ನಿಜಕ್ಕೂ ನಿಶ್ಚಿಂತೆಯಿಂದ ಬಳಸಬಹುದಾದದ್ದು ಅರ್ಧ ಅಂದುಕೊಳ್ಳಿ. 100 ವ್ಯಾಟ್ ಬಲ್ಬ್ ಒಂದೇ ಇದ್ದರೆ ಎಂಟು ತಾಸಿನ ಹತ್ತಿರ ಬರುತ್ತದೆ. ಥರ್ಮೋಸ್ಟಾಟ್ ಆಗಾಗ ಆರಿಸುವುದರಿಂದ ಇನ್ನೂ ಸ್ವಲ್ಪ ಎಳೆಯುತ್ತದೆ. ಬ್ಯಾಟರಿ ಹಳೆಯದಾದರೆ ಈ ಲೆಕ್ಕ ಮರೆತುಬಿಡಿ.

ಇನ್ವರ್ಟರ್ ಇಲ್ಲದವರು ಒಂದೆರಡು ತಾಸಿನ ಕರೆಂಟ್ ಕಡಿತಕ್ಕೆ ಗಾಬರಿಯಾಗಬೇಕಿಲ್ಲ. ಮುಚ್ಚಳ ಇರುವ ಪೆಟ್ಟಿಗೆ ನಿಧಾನಕ್ಕೆ ತಣ್ಣಗಾಗುತ್ತದೆ. ಮೇಲೆ ಬೈದೆನಲ್ಲ ಆ ಕೌದಿ, ಅದು ಕೆಲಸಕ್ಕೆ ಬರುವುದು ಈಗ. ಒಳಗೆ ಬಿಸಿ ಇದೆ, ಕೌದಿ ಅದನ್ನು ಹಿಡಿದಿಡುತ್ತದೆ. ಆದರೆ ಮೊದಲು ಹೀಟರ್ ಪ್ಲಗ್ ಕಿತ್ತಿಡಿ, ಆಮೇಲೆ ಕೌದಿ ಹಾಕಿ, ಗಾಳಿಯ ತೂತು ಬಿಟ್ಟು. ಯಾಕಂದ್ರೆ ಕರೆಂಟ್ ರಾತ್ರಿ ಎರಡಕ್ಕೆ ಬರುತ್ತದೆ, ನೀವು ಗೊರಕೆ ಹೊಡೆಯುತ್ತಿರುತ್ತೀರಿ, ಕೌದಿಯ ಕೆಳಗೆ ಹೀಟರ್ ಕಾಯತೊಡಗುತ್ತದೆ. ಕಡಿತ ಉದ್ದವಾದರೆ ಬಿಸಿನೀರಿನ ರಬ್ಬರ್ ಚೀಲಕ್ಕೆ ದಪ್ಪ ಟವೆಲ್ ಸುತ್ತಿ ಒಂದು ಪಕ್ಕಕ್ಕಿಡಿ, ಆಮೆ ಬೇಕಾದರೆ ಹತ್ತಿರ ಬರಲಿ, ಬೇಡವಾದರೆ ದೂರ ಹೋಗಲಿ. ನೀರು ತಣ್ಣಗಾದ ಮೇಲೆ ತೆಗೆದುಬಿಡಿ, ಇಲ್ಲದಿದ್ದರೆ ಅದೇ ಥಂಡಿ ಕೊಡುತ್ತದೆ. ಕೆಲವು ಥರ್ಮೋಸ್ಟಾಟ್ ಕರೆಂಟ್ ಹೋಗಿ ಬಂದ ಮೇಲೆ ಗುಂಡಿ ಒತ್ತದೆ ಶುರುವಾಗುವುದಿಲ್ಲ. ಒಂದು ಹಗಲು ಮೇನ್ ಆಫ್ ಮಾಡಿ ನೋಡಿಕೊಳ್ಳಿ.

ಪ್ರಶ್ನೆ: ಆಮೆಯ ಮೂಗಿನಲ್ಲಿ ಗುಳ್ಳೆ ಬರುತ್ತಿದೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಡುತ್ತದೆ. ಎಣ್ಣೆ ಹಚ್ಚಿ ಬಿಸಿಲಿಗೆ ಇಟ್ಟೆವು. ಪರಿಚಯದವರು ದನಕ್ಕೆ ಕೊಡುವ ಹುಳದ ಇಂಜೆಕ್ಷನ್ ಸ್ವಲ್ಪ ಹಾಕಿಸಿ ಅಂತಾರೆ.
– ಜಮಖಂಡಿ ಓದುಗರು

ಉತ್ತರ: ಆ ಇಂಜೆಕ್ಷನ್ ಬೇಡ! ದನಕ್ಕೆ, ಕುರಿಗೆ ಹುಳಕ್ಕೆ ಅಂತ ಕೊಡುವ ಐವರ್ಮೆಕ್ಟಿನ್ ಆಮೆಗೆ ವಿಷ, ಸಾಯುತ್ತದೆ. ನೀವು ಬರೆದದ್ದು ಶ್ವಾಸಕೋಶದ ಸೋಂಕಿನ ಲಕ್ಷಣ, ಮನೆಮದ್ದಿಗೆ ಬಗ್ಗುವುದಲ್ಲ. ಇವತ್ತೇ ಪಶುವೈದ್ಯರ ಹತ್ತಿರ ಹೋಗಿ. ಅವರಿಗೆ ಆಮೆ ನೋಡಿ ಅಭ್ಯಾಸವಿಲ್ಲದಿದ್ದರೆ ನೋಡಿದವರನ್ನು ಫೋನಿನಲ್ಲಿ ಕೇಳಿ ಔಷಧ ಕೊಡಲಿ, ಅದರಲ್ಲಿ ನಾಚಿಕೆ ಏನಿಲ್ಲ. ದಾರಿಯಲ್ಲಿ ಥಂಡಿ ಗಾಳಿ ತಾಗದ ಹಾಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಯ್ಯಿರಿ. ಗುಣವಾಗುವವರೆಗೆ ರಾತ್ರಿಯೂ ಬಿಸಿ ಇಳಿಸಬೇಡಿ, 27–28ರಲ್ಲಿ ಇಡಿ, ಮೈ ಬಿಸಿ ಇಲ್ಲದಿದ್ದರೆ ಔಷಧವೂ ಸರಿಯಾಗಿ ಹಿಡಿಯುವುದಿಲ್ಲ. ಎಣ್ಣೆ ಒರೆಸಿ ತೆಗೆಯಿರಿ. ಚಿಪ್ಪಿಗೆ ಎಣ್ಣೆಯಿಂದ ಹೊಳಪು ಬಿಟ್ಟರೆ ಬೇರೇನೂ ಬರುವುದಿಲ್ಲ, ಧೂಳು ಅಂಟುತ್ತದೆ.

ಪ್ರಶ್ನೆ: ಮನೆಗೆ ಒಳ್ಳೆಯದಾಗುತ್ತದೆ ಅಂತ ಒಬ್ಬರು ನಕ್ಷತ್ರ ಆಮೆ ಕೊಟ್ಟಿದ್ದಾರೆ. ಬೆನ್ನ ಮೇಲೆ ಹಳದಿ ಗೆರೆಗಳ ನಕ್ಷತ್ರ. ಇದಕ್ಕೂ ರಾತ್ರಿ ಬಿಸಿ ಬೇಕಾ?
– ಇಳಕಲ್ ಓದುಗರು

ಉತ್ತರ: ಇದನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ನಕ್ಷತ್ರ ಆಮೆ ನಮ್ಮ ದೇಶದ ಕಾಡಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಅದನ್ನು ಒಂದನೇ ಅನುಸೂಚಿಗೆ ಸೇರಿಸಿದ್ದಾರೆ, ಹುಲಿ ಇರುವ ಅನುಸೂಚಿ ಅದು. ಕಾಗದ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಿ ಒಪ್ಪಿಸಿ. ನೀವೇ ಹೊಲದಲ್ಲಿ ಬಿಟ್ಟು ಬರಬೇಡಿ, ಎಲ್ಲಿಂದ ಬಂತೋ, ಯಾವ ರೋಗ ಇದೆಯೋ. ಅವರು ಬರುವವರೆಗೆ ಒಣ ಪೆಟ್ಟಿಗೆಯಲ್ಲಿ, ಮನೆಯ ಬೆಚ್ಚನೆ ಕೋಣೆಯಲ್ಲಿ ಇದ್ದರೆ ಸಾಕು. ಸುಲ್ಕಾಟಾದಂಥ ಹೊರದೇಶದ ಆಮೆ ಬೇರೆ ಮಾತು. ಅದು ಸಿಐಟಿಇಎಸ್ (ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಹಾಗಾಗಿ 2024ರ ನಿಯಮದ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಮಾಡದವರು ಅರಣ್ಯ ಇಲಾಖೆಯವರನ್ನೇ ಕೇಳಿ.

ಪ್ರಶ್ನೆ: ನಮ್ಮದು ನೀರಿನ ಆಮೆ, ಕಣ್ಣಿನ ಹಿಂದೆ ಕೆಂಪು ಪಟ್ಟೆ. ನೀರು ರಾತ್ರಿ ತಣ್ಣಗಾಗುತ್ತದೆ. ಸಾಕಲು ಆಗದಿದ್ದರೆ ಭೂತನಾಳ ಕೆರೆಗೆ ಬಿಡೋಣ ಅಂತಿದ್ದೇವೆ.
– ವಿಜಯಪುರದ ಇನ್ನೊಬ್ಬ ಓದುಗರು

ಉತ್ತರ: ಕೆರೆಗೆ ಬಿಡಬೇಡಿ. ಅದು ಅಮೆರಿಕದ ಆಮೆ, ಇಲ್ಲಿನ ಆಮೆಗಳ ಊಟಕ್ಕೂ ಜಾಗಕ್ಕೂ ಪೈಪೋಟಿಗೆ ಬೀಳುತ್ತದೆ. ಸಾಕಲು ಆಗದಿದ್ದರೆ ಸಾಕುವವರಿಗೆ ಕೊಡಿ. ನೀರಿಗೆ ಥರ್ಮೋಸ್ಟಾಟ್ ಇರುವ ಅಕ್ವೇರಿಯಮ್ ಹೀಟರ್ ಹಾಕಿ 25ರ ಹತ್ತಿರ ಇಡಿ, ಆಮೆ ಗಾಜು ಒಡೆಯದ ಹಾಗೆ ಪ್ಲಾಸ್ಟಿಕ್ ಕವಚ ಇರುವುದನ್ನೇ ಕೊಳ್ಳಿ. ನೀರು ಬದಲಿಸುವ ಮೊದಲು ಪ್ಲಗ್ ಕಿತ್ತು ಕಾಲು ಗಂಟೆ ಬಿಡಿ. ಕಾದ ಹೀಟರ್ ನೀರಿನಿಂದ ಮೇಲೆ ಬಂದರೆ ಒಡೆಯುತ್ತದೆ, ಪ್ಲಗ್ ಹಾಕಿದ್ದಾಗ ನೀರಿಗೆ ಕೈ ಹಾಕಬೇಡಿ.

ಪ್ರಶ್ನೆ: ಶಿವರಾತ್ರಿ ಮುಗಿದ ಮೇಲೆ ಹೀಟರ್ ಬಿಚ್ಚಿ ಅಟ್ಟಕ್ಕೆ ಹಾಕಬಹುದಾ?
– ಶಹಾಪುರ, ಬೆಳಗಾವಿ

ಉತ್ತರ: ವಿಜಯಪುರ, ಬಾಗಲಕೋಟೆಯವರು ಬೇಸಿಗೆಯಲ್ಲಿ ಆರಿಸಿಟ್ಟರೆ ತೊಂದರೆ ಇಲ್ಲ. ಅವರಿಗೆ ಆಗ ತಂಪು ಮಾಡುವುದೇ ಕೆಲಸ. ನೀವು ಬೆಳಗಾವಿಯವರು, ಬಿಚ್ಚಬೇಡಿ. ಥರ್ಮೋಸ್ಟಾಟ್ ಇದ್ದರೆ ಬೇಡವಾದಾಗ ಅದು ಹಚ್ಚುವುದೇ ಇಲ್ಲ, ಇರಲಿ ಬಿಡಿ. ಜುಲೈ-ಆಗಸ್ಟ್‌ನಲ್ಲಿ ಬಟ್ಟೆ ಒಣಗದೆ ಮನೆ ತುಂಬ ಹಗ್ಗ ಕಟ್ಟಿರುತ್ತೀರಲ್ಲ, ವಾರಗಟ್ಟಲೆ ಬಿಸಿಲಿಲ್ಲ, ರಾತ್ರಿ 20ರ ಹತ್ತಿರ, ಎಲ್ಲ ತೇವ. ನಮ್ಮ ಆಮೆಗೆ ಮೂಗು ಸೋರಿದ್ದು ಡಿಸೆಂಬರಿನಲ್ಲಿ ಅಲ್ಲ, ಆಗಸ್ಟಿನಲ್ಲಿ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ ಪ್ಲಗ್ ಕಿತ್ತು, ಹೋಲ್ಡರ್ ಬಿಚ್ಚಿ, ವೈರಿನ ತುದಿ ಕಪ್ಪಾಗಿದೆಯಾ ನೋಡಿ, ಜಾಳಿಗೆಯ ಧೂಳು ಒರೆಸಿ, ಸೆನ್ಸರ್ ಕ್ಲಿಪ್ ಎಳೆದು ನೋಡಿ.